ಪರದೆ ಕಣ್ಣು ಮಿಟುಕಿಸುವಾಗ

ನಮ್ಮ ಮಾವ ಊರಿಗೆ ನೀರು ಬಿಡುತ್ತಿದ್ದವರು. ದೊಡ್ಡ ಟ್ಯಾಂಕಿನ ಪಕ್ಕದ ಪಂಪ್ ಹೌಸಿನಲ್ಲಿ ಅವರ ಕೆಲಸ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮೋಟರುಗಳು, ಗೋಡೆಯ ಮೇಲೊಂದು ಪ್ರೆಶರ್ ಮೀಟರು, ಬಾಗಿಲ ಹತ್ತಿರ ಬ್ಲೀಚಿಂಗ್ ಪುಡಿಯ ಡ್ರಮ್ಮು, ಕೂರಲು ಬೆನ್ನು ಮುರಿದ ಒಂದು ಕುರ್ಚಿ. ಯಾವ ಬೀದಿಗೆ ಯಾವ ಹೊತ್ತಿಗೆ ಯಾವ ವಾಲ್ವು ತಿರುಗಿಸಬೇಕು ಎಂಬುದು ಅವರ ತಲೆಗಿಂತ ಮೊದಲು ಕೈಗೆ ಗೊತ್ತಿತ್ತು. ಒಂದು ವಾಲ್ವಿಗೂ ಇನ್ನೊಂದಕ್ಕೂ ನಡುವೆ ಮಾತ್ರ ಮಾಡಲು ಏನೂ ಇರುತ್ತಿರಲಿಲ್ಲ. ಮೋಟರಿನ ಸದ್ದಿಗೆ ರೇಡಿಯೊ ಕೇಳಿಸದು, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಜೊತೆಯವರು ಅಂಥ ಸದ್ದಿನಲ್ಲೂ ನಿದ್ದೆ ಹೊಡೆಯುವುದನ್ನು ಕಲಿತರು. ಮಾವ ಸಿನಿಮಾ ನೋಡುವುದನ್ನು ಕಲಿತರು.

ಸಿನಿಮಾ ನೋಡುವುದಕ್ಕೆ ಕಲಿಯುವುದೇನು ಬಂತು, ಎದುರಿಗೆ ಕೂತು ಕಣ್ಣು ಬಿಟ್ಟರಾಯಿತಲ್ಲ ಎಂದು ಈ ಮನೆಗೆ ಬಂದ ಹೊಸದರಲ್ಲಿ ನಾನೂ ಅಂದುಕೊಂಡಿದ್ದೆ. ಅತ್ತೆಯಂತೂ ಇವತ್ತಿಗೂ ಹಾಗೇ ಅಂದುಕೊಂಡಿದ್ದಾರೆ.

ಇದಕ್ಕೆಲ್ಲ ಮೂಲ ಅತ್ತೆಯ ತಮ್ಮ. ಬಸ್ ನಿಲ್ದಾಣದ ಹಿಂದೆ ಅವರದೊಂದು ಅಂಗಡಿ. ಒಂದು ಕಾಲದಲ್ಲಿ ಅಲ್ಲಿ ವಿಡಿಯೊ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಈಗ ಅದೇ ಜಾಗದಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ಆದರೂ ಊರಿಗೆಲ್ಲ ಅವರು ಕ್ಯಾಸೆಟ್ಟಣ್ಣನೇ. ಒಮ್ಮೆ ಯಾವುದೋ ಕ್ಲಬ್ಬು ಮುಚ್ಚಿಹೋಗುವಾಗ ಹೊರದೇಶಗಳ ಹಳೆಯ ಕಪ್ಪುಬಿಳುಪು ಸಿನಿಮಾಗಳನ್ನು ತೂಕದ ಲೆಕ್ಕದಲ್ಲಿ ಚೀಲಗಟ್ಟಲೆ ಕೊಂಡು ತಂದರು. ಅವುಗಳನ್ನು ಬಾಡಿಗೆಗೆ ಒಯ್ಯುವವರು ಯಾರೂ ಹುಟ್ಟಲಿಲ್ಲ. ಕೊನೆಗೆ ಅಂಗಡಿಯಲ್ಲಿ ಜಾಗ ತಿನ್ನುತ್ತಿವೆಯೆಂದು ಎಲ್ಲವನ್ನೂ ಒಂದು ಸಣ್ಣ ಟಿವಿ, ಒಂದು ಹಳೆಯ ಪ್ಲೇಯರಿನ ಸಮೇತ ಪಂಪ್ ಹೌಸಿಗೆ ಸಾಗಿಸಿದರು. ಸುಮ್ಮನೆ ಗೋಡೆ ನೋಡುವ ಬದಲು ಭಾವ ಇದನ್ನಾದರೂ ನೋಡಲಿ ಎಂದು.

ಮಾವ ನೋಡಿದರು. ಆ ಭಾಷೆಗಳು ಬರುತ್ತಿರಲಿಲ್ಲ. ಬಂದಿದ್ದರೂ ಮೋಟರಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಬರೀ ಕಣ್ಣು. ಮೊದಮೊದಲು ಯಾರು ಗಂಡ, ಯಾರು ಮೈದುನ ಎಂಬುದೇ ತಿಳಿಯುತ್ತಿರಲಿಲ್ಲವಂತೆ. ನೋಡಿದ್ದನ್ನೇ ಮತ್ತೆ ನೋಡಿದರು. ಆಮೇಲೆ ತಾವೇ ಕೆಲವು ಉಪಾಯ ಕಂಡುಕೊಂಡರು. ಮುಖಗಳ ಮೇಲೆ ರಟ್ಟಿನ ತುಂಡು ಅಡ್ಡ ಹಿಡಿದು ಬರೀ ಕೈಗಳನ್ನು ನೋಡುವುದು. ಒಂದು ಚಿತ್ರವನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಕಿಟಕಿ ಯಾವ ಕಡೆಗಿತ್ತು, ಬೆಳಕು ಎಲ್ಲಿಂದ ಬರುತ್ತಿತ್ತು ಎಂದು ತಮಗೆ ತಾವೇ ಕೇಳಿಕೊಳ್ಳುವುದು. ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಅದರೊಳಗೆ ಯಾರು ಎಲ್ಲಿ ನಿಂತಿದ್ದರು ಎಂದು ಗುರುತು ಹಾಕುವುದು. ಪರಿಶೀಲನೆಗೆ ಬಂದ ಮೇಲಧಿಕಾರಿ ಒಮ್ಮೆ ಆ ಚೌಕಗಳನ್ನು ನೋಡಿ, ಪೈಪು ಒಡೆದಿದೆಯೇನೋ ಎಂದು ಗಾಬರಿಯಾಗಿದ್ದರಂತೆ.

ಹೀಗೆ ನೋಡುತ್ತ ನೋಡುತ್ತ ಮಾವ ಒಂದು ದೊಡ್ಡ ಸಂಗತಿಯನ್ನು ಕಂಡುಹಿಡಿದರು. ತುಂಬ ದುಃಖದ ಗಳಿಗೆ ಬಂದಾಗ, ಅಥವಾ ಇಬ್ಬರು ತೀರ ಹತ್ತಿರ ಬಂದಾಗ, ಈ ದೊಡ್ಡ ನಿರ್ದೇಶಕರು ಅದನ್ನು ತೋರಿಸುವುದಿಲ್ಲ. ಪರದೆ ಸಣ್ಣಗೆ ಒಮ್ಮೆ ನಡುಗುತ್ತದೆ, ಕಣ್ಣು ಮಿಟುಕಿಸಿದ ಹಾಗೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ನಾವು ಅದರ ಆಚೆ ದಡದಲ್ಲಿ ಇರುತ್ತೇವೆ. ಮಾವ ಇದಕ್ಕೆ ಮಿಟುಕು ಎಂದು ಹೆಸರಿಟ್ಟಿದ್ದರು.

"ಒಬ್ಬ ಒಂದು ದೇಶದವನು, ಇನ್ನೊಬ್ಬ ಇನ್ನೊಂದು ದೇಶದವನು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದ್ರೂ ಎಲ್ಲಾ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ ನೋಡಮ್ಮ," ಎಂದು ನನಗೆ ಹೇಳಿದ್ದರು.

ನನಗೆ ಹೇಳಿದ್ದು ಯಾಕೆಂದರೆ, ಕೇಳಲು ಸಿಕ್ಕಿದ್ದವಳು ನಾನೊಬ್ಬಳೇ. ನಿವೃತ್ತಿಯಾದ ಮೇಲೆ ಪ್ಲೇಯರು, ಟಿವಿ, ಕ್ಯಾಸೆಟ್ಟುಗಳು ಎಲ್ಲವೂ ಮನೆಯ ಹಿಂದಿನ ಕೋಣೆಗೆ ಬಂದವು. ಬಹಳಷ್ಟಕ್ಕೆ ಬೂಷ್ಟು ಹಿಡಿದಿತ್ತು, ಕೆಲವು ಮಾತ್ರ ಓಡುತ್ತಿದ್ದವು. ಅದೇ ಕೋಣೆಯಲ್ಲಿ ನನ್ನ ಬಾಣಂತನ. ಮಗುವನ್ನು ಹಾಲಿಗೆ ಹಾಕಿಕೊಂಡು ಗೋಡೆಗೊರಗಿ ಕೂತರೆ ಎದ್ದುಹೋಗುವ ಹಾಗಿಲ್ಲ. ಮಾವ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ, ಟಿವಿಯನ್ನು ಇಬ್ಬರಿಗೂ ಕಾಣುವ ಹಾಗೆ ಓರೆಯಾಗಿಟ್ಟು ಸಿನಿಮಾ ಹಾಕುತ್ತಿದ್ದರು. ಮನೆಯಲ್ಲಿ ಮೋಟರು ಇಲ್ಲದಿದ್ದರೂ ಸೌಂಡು ಬಂದ್ ಮಾಡಿಯೇ. ಕಿವಿಗೆ ಕೆಲಸ ಕೊಟ್ಟರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುತ್ತಿದ್ದರು. ನಡುವೆ ನಿಲ್ಲಿಸಿ, ಅವನ ಟೋಪಿ ಎಲ್ಲಿತ್ತಮ್ಮ ಎಂದು ಕೇಳುವರು. ನಾನು ಬಾಯಿಗೆ ಬಂದದ್ದು ಹೇಳುವೆ. ಬರುಬರುತ್ತ ಸರಿಯಾಗಿ ಹೇಳತೊಡಗಿದೆ. ಆಗ ಅವರ ಮುಖ ನೋಡಬೇಕಿತ್ತು. ಮೊಮ್ಮಗಳು ಮೊದಲ ಸಲ ಮಗುಚಿಕೊಂಡಾಗಲೂ ಅಷ್ಟು ಬೆಳಗಿರಲಿಲ್ಲ.

ಉಳಿದವರಿಗೆ ಇದೆಲ್ಲ ತಲೆನೋವು. ನಮ್ಮ ಮನೆಯವರಿಗೆ ಟೈರ್ ಅಂಗಡಿಯಲ್ಲಿ ದಿನವಿಡೀ ಪಂಕ್ಚರು ಹಾಕಿ ಬಂದ ಮೇಲೆ ಟಿವಿಯಲ್ಲಿ ನಾಲ್ಕು ಜನ ಹೊಡೆದಾಡಿದರೆ ಸಾಕು. ಅಲ್ಲಿ ಮಾವ ಬಾಯಿ ಹಾಕದೆ ಇರರು. ಕಾರು ಬಲಕ್ಕೆ ಹೋಗಿದ್ದು ಅದೇ ಬೀದಿಗೆ ಮತ್ತೆ ಎಡದಿಂದ ಹೇಗೆ ಬಂತೋ ಎಂದು ಕೇಳುವರು. "ಊರು ಸುತ್ತಿಕೊಂಡು ಬಂತು ಅಂದ್ಕೊಳ್ಳಿ ಅಪ್ಪ," ಎಂದು ಇವರು ಕೈಮುಗಿಯುವರು. ಅತ್ತೆಯದು ಇನ್ನೂ ಖಾರ. "ಇವರ ಜೊತೆ ಸಿನಿಮಾ ನೋಡೋದೂ ಒಂದೇ, ಕಲ್ಲು ಆರಿಸ್ತಾ ಅನ್ನ ತಿನ್ನೋದೂ ಒಂದೇ," ಎಂದು ಎದ್ದು ಹೋಗುವರು. ಮಾವ ನಗುತ್ತಿದ್ದರು. ಆದರೆ ನಗು ಮುಗಿದ ಮೇಲೆ ಅವರು ಯಾರ ಕಡೆಗೂ ನೋಡದೆ ಕೂರುವುದನ್ನು ನಾನು ಗಮನಿಸಿದ್ದೆ. ನೋಡುವುದನ್ನು ಕಲಿಸಿದವರೇ ಅವರಲ್ಲವೇ.

ಎಲ್ಲದರಲ್ಲೂ ಅವರ ಜೀವ ಇದ್ದದ್ದು ಒಂದು ಸಿನಿಮಾದಲ್ಲಿ. ಅದರ ಹೆಸರು ಯಾವುದೋ ಲಿಪಿಯಲ್ಲಿತ್ತು. ನಾವು ಬುಟ್ಟಿ ಸಿನಿಮಾ ಎನ್ನುತ್ತಿದ್ದೆವು. ಒಂದು ಹೋಟೆಲಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ತಾಯಿ. ಅದೇ ಹೋಟೆಲಿನ ಮುಂಬಾಗಿಲಲ್ಲಿ ಕೀಲಿಕೈ ಕೊಡುವ ಮಗಳು. ತಾಯಿ ದೊಡ್ಡ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಎದುರಾದರೆ, ಮಗಳು ಗುರುತೇ ಇಲ್ಲದವಳ ಹಾಗೆ ದಾಟಿಹೋಗುತ್ತಾಳೆ. ಒಂದು ದಿನ ತಾಯಿ ಬುಟ್ಟಿಯನ್ನು ಹೊರಗೇ ಇಟ್ಟು, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಪರದೆ ಮಿಟುಕಿಸುತ್ತದೆ. ಬುಟ್ಟಿ ಮಗಳ ಸೊಂಟದ ಮೇಲಿರುತ್ತದೆ.

ಅಷ್ಟೇ. ಮೊದಲ ಸಲ ನೋಡಿದಾಗ ನನಗೆ ಎದೆಯಲ್ಲಿ ಏನೋ ಜಾರಿದ ಹಾಗಾಗಿತ್ತು. ಮಾವ ಪ್ಲೇಯರು ನಿಲ್ಲಿಸಿ ತಮ್ಮ ತಾಯಿ ತೀರಿಕೊಂಡ ದಿನದ ವಿಷಯ ಹೇಳಿದರು. ಅವತ್ತು ಅವರು ಕೆಲಸದಲ್ಲಿದ್ದರು. ಸುದ್ದಿ ಹೇಳಲು ಬಂದವರು ಪಂಪ್ ಹೌಸಿನ ಬಾಗಿಲು ಬಡಿದದ್ದು ಮೋಟರಿನ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಕೆಲಸ ಮುಗಿಸಿ ಮನೆಯ ತಿರುವಿಗೆ ಬಂದರೆ ತಾಯಿಯ ಹಾಸಿಗೆಯನ್ನು ಹೊರಗೆ ಬಿಸಿಲಿಗೆ ಹಾಕಿದ್ದರು.

"ಯಾರೂ ಬಾಯಿ ಬಿಟ್ಟು ಹೇಳೋ ಮೊದಲೇ ಗೊತ್ತಾಯ್ತು. ಅದು ಹೇಗಿರುತ್ತೆ ಅಂತ ಇಷ್ಟು ವರ್ಷ ಯಾರಿಗೂ ಹೇಳಕ್ಕೆ ಬಂದಿಲ್ಲ ನನಗೆ," ಎಂದರು. "ಈ ಸಿನಿಮಾ ಮಾಡಿದವನಿಗೆ ಗೊತ್ತು ನೋಡಮ್ಮ. ಎಲ್ಲೋ ಹುಟ್ಟಿ ಎಲ್ಲೋ ಸತ್ತ ಮನುಷ್ಯ, ಇವನಿಗೆ ಗೊತ್ತು."

ಮಗುವಿಗೆ ಗಂಜಿ ಶುರುಮಾಡಿದ ಸಮಯದಲ್ಲಿ, ಗ್ರಂಥಾಲಯದ ಮಹಡಿಯ ಮೇಲೆ ಭಾನುವಾರದ ಮಧ್ಯಾಹ್ನ ಹಳೆಯ ಸಿನಿಮಾ ತೋರಿಸುತ್ತಾರೆಂದು ನಾನೇ ಎಲ್ಲೋ ಓದಿ ಮಾವನಿಗೆ ಹೇಳಿದೆ. ಒಬ್ಬ ನಿವೃತ್ತ ಮೇಷ್ಟ್ರು ನಡೆಸುತ್ತಿದ್ದ ಸಂಘ. ಮಾವ ಹೋದರು. ಹಿಂದಿನ ಸಾಲಿನಲ್ಲಿ ಕೂತು ಬಂದರು. ಅಲ್ಲಿನ ಸಿನಿಮಾಗಳಲ್ಲಿ ಮಿಟುಕೇ ಇಲ್ಲ, ಎಲ್ಲವನ್ನೂ ಬಿಚ್ಚಿ ಹರಡುತ್ತಾರೆ, ಇವರೆಲ್ಲ ಎರಡನೇ ದರ್ಜೆಯವರಿರಬೇಕು ಎಂದು ಬೇಸರಪಟ್ಟುಕೊಂಡರು. ಆದರೂ ಬಿಡಲಿಲ್ಲ. ಒಂದು ದಿನ ಚರ್ಚೆಯ ಹೊತ್ತಿಗೆ ಹಿಂದಿನಿಂದ ಎದ್ದು, ಆ ಹೆಂಗಸು ಸುಳ್ಳು ಹೇಳುವಾಗಲೆಲ್ಲ ಕಿಟಕಿಗೆ ಬೆನ್ನು ಹಾಕುತ್ತಾಳೆ ಎಂದರಂತೆ. ಮೇಷ್ಟ್ರು ಆಮೇಲೆ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಕಲಿತಿರಿ ಎಂದು ಕೇಳಿದರು. ನೀರಿನ ಇಲಾಖೆಯಲ್ಲಿ ಎಂದರು ಮಾವ.

ಮೇಷ್ಟ್ರಿಗೆ ಮಂಡಿ ನೋವು, ಮಹಡಿ ಹತ್ತುವುದು ಕಷ್ಟವಾಗಿತ್ತು. ಕಾಲೇಜು ಹುಡುಗರಿಗೆ ಸಿನಿಮಾ ನೋಡುವುದನ್ನು ಹೇಳಿಕೊಡುವ ತರಗತಿಯೊಂದನ್ನು ಸಂಘದವರು ಶುರುಮಾಡಬೇಕೆಂದಿದ್ದರು. ಅದನ್ನು ಮಾವನಿಗೆ ವಹಿಸಬೇಕೆಂಬುದು ಮೇಷ್ಟ್ರ ಆಸೆ. ಸಂಘದ ಉಳಿದವರಿಗೆ ಅನುಮಾನ; ಒಂದು ಸಲ ಒಂದು ಸಿನಿಮಾದ ಬಗ್ಗೆ ಮಾತಾಡಲಿ, ನೋಡೋಣ ಎಂದಿದ್ದರು. ಯಾವ ಸಿನಿಮಾ ಎಂದಾಗ ಮಾವ ಬುಟ್ಟಿ ಸಿನಿಮಾದ ಕತೆ ಹೇಳಿದರು. ಮೇಷ್ಟ್ರು ಅದನ್ನು ಪ್ರಾಯದಲ್ಲಿ ಎಲ್ಲೋ ಒಮ್ಮೆ ನೋಡಿದ್ದರು, ನೆನಪು ಮಸುಕಾಗಿತ್ತು. ಆ ಮುಚ್ಚಿದ ಬಾಗಿಲಿನ ಮಾತು ಕೇಳಿ ಕಣ್ಣು ತುಂಬಿಕೊಂಡು, ನೀವು ಅದರ ಬಗ್ಗೆಯೇ ಮಾತಾಡಿ, ಸಿನಿಮಾ ನಾನು ತರಿಸುತ್ತೇನೆ ಎಂದರು.

ಅವತ್ತಿನಿಂದ ಮಾವ ಮನೆಯಲ್ಲಿ ನೆಲದ ಮೇಲೆ ಕಾಲು ಊರಿ ನಡೆಯಲಿಲ್ಲ ಎಂದರೆ ತಪ್ಪಲ್ಲ. ಹೇಳಬೇಕಾದ್ದನ್ನು ತೊಟ್ಟಿಲು ತೂಗುತ್ತ ಮಗುವಿಗೆ ಹೇಳಿ ಅಭ್ಯಾಸ ಮಾಡಿದರು. ನನಗೆ ಖುಷಿಯೂ ಇತ್ತು, ಸ್ವಲ್ಪ ಸ್ವಾರ್ಥವೂ ಇತ್ತು. ಭಾನುವಾರವಾದರೂ ಅವರಿಗೆ ಹೋಗಲೊಂದು ಜಾಗ, ಕೇಳಲು ನಾಲ್ಕು ಜನ ಸಿಕ್ಕರೆ ಅವರ ಮುಸ್ಸಂಜೆಗಳ ಭಾರ ನನ್ನೊಬ್ಬಳ ಮೇಲೆ ಬೀಳುವುದಿಲ್ಲ ಎಂದು. ಒಮ್ಮೆ ಸೊಪ್ಪು ಬಿಡಿಸುತ್ತಿದ್ದ ನನ್ನ ಪಕ್ಕದಲ್ಲಿ ಕೂತು ಅವರೇ ಹೇಳಿದರು.

"ನನಗೆ ಹೆಸರು ಬೇಡಮ್ಮ. ನಾನು ನೋಡಿದ್ದನ್ನ ಒಂದು ಕೋಣೆ ಜನ ನನ್ನ ಜೊತೆ, ಒಂದೇ ಹೊತ್ತಲ್ಲಿ ನೋಡಬೇಕು. ಒಂದೇ ಒಂದು ಸಲ ಆದ್ರೂ ಸಾಕು."

ಆ ಭಾನುವಾರ ಎಲ್ಲರೂ ಹೊರಟೆವು. ನಮ್ಮ ಮನೆಯವರು ಅಂಗಡಿಯನ್ನು ಜೊತೆಯವನ ಮೇಲೆ ಬಿಟ್ಟು ಬಂದರು, ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಅತ್ತೆಯೂ ಹೊರಟಾಗ ಮಾವನಿಗೆ ನಂಬಲಾಗಲಿಲ್ಲ. "ನಿಮ್ಮ ಭಾಷಣ ಕೇಳಕ್ಕೇನಲ್ಲ, ಮಗು ಹಿಡ್ಕೊಳ್ಳಕ್ಕೆ ಒಬ್ಬರು ಬೇಕಲ್ಲ," ಎಂದರು ಅತ್ತೆ. ಆದರೆ ಒಳ್ಳೆಯ ಸೀರೆ ಉಟ್ಟಿದ್ದರು. ಮಹಡಿಯ ಕಿಟಕಿಗಳಿಗೆಲ್ಲ ದಪ್ಪ ಕಂಬಳಿ ಕಟ್ಟಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ ಪ್ರೊಜೆಕ್ಟರು. ಕಾಲೇಜು ಹುಡುಗ ಹುಡುಗಿಯರೇ ಹೆಚ್ಚು.

ಮಾವ ಚೆನ್ನಾಗಿ ಮಾತಾಡಿದರು. ಇದನ್ನು ನಾನು ಸೊಸೆಯಾಗಿ ಹೇಳುತ್ತಿಲ್ಲ. ಮೊದಲು ನೀರು ಕುಡಿದರು, ಆಮೇಲೆ ಪಂಪ್ ಹೌಸಿನ ಸದ್ದಿನಿಂದ ಶುರುಮಾಡಿದರು. ಹುಡುಗರು ನಕ್ಕರು, ಪ್ರೀತಿಯಿಂದ ನಕ್ಕರು. ಕೊನೆಗೆ ಬಾಗಿಲಿನ ವಿಷಯಕ್ಕೆ ಬಂದರು. "ಒಂದು ಬಾಗಿಲು ಮುಚ್ಚುತ್ತೆ. ಆಗ ರೆಪ್ಪೆ ಹೊಡೀಬೇಡಿ. ಈ ಮನುಷ್ಯ ಸಾವನ್ನ ತೋರಿಸೋದಿಲ್ಲ. ಸಾವಿನ ಆಚೆ ಏನು ಉಳೀತು ಅನ್ನೋದನ್ನ ಮಾತ್ರ ತೋರಿಸ್ತಾನೆ," ಎಂದು ಹೇಳಿ ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು.

ದೀಪ ಆರಿತು. ಸಿನಿಮಾಕ್ಕೆ ಮಾತೂ ಸಂಗೀತವೂ ಇದ್ದವು. ಮಾವ ಅದನ್ನು ಕಿವಿಯಿಂದ ಕೇಳುತ್ತಿದ್ದದ್ದು ಅದೇ ಮೊದಲು. ನಡುನಡುವೆ ನಾನು ಕಂಡಿರದ ತುಣುಕುಗಳು ಬಂದವು. ಯಾರೋ ಮುದುಕರು ಬೆಂಚಿನ ಮೇಲೆ ಕೂತು ಮಾತಾಡಿದರು. ನಮ್ಮ ಕ್ಯಾಸೆಟ್ಟು ಹಳೆಯದು, ಎಲ್ಲೋ ಹರಿದಿರಬಹುದು ಎಂದುಕೊಂಡೆ. ಮಾವನ ತಲೆ ಮಾತ್ರ ಕುರ್ಚಿಯಿಂದ ಒಂದಿಷ್ಟು ಮುಂದೆ ಬಂದಿತ್ತು.

ತಾಯಿ ಬುಟ್ಟಿ ಇಳಿಸಿದಳು. ಗೋಡೆ ಹಿಡಿದುಕೊಂಡು ಹೋದಳು. ಬಾಗಿಲು ಮುಚ್ಚಿತು. ಅದೇ ಬಾಗಿಲು ಒಳಗಿನಿಂದ ಕಾಣಿಸಿತು. ತಾಯಿ ಹಾಸಿಗೆಯ ಮೇಲೆ ಬಿದ್ದಳು. ಪಿಟೀಲು ಶುರುವಾಯಿತು. ಡಾಕ್ಟರು ಬಂದು ತಲೆಯಾಡಿಸಿದರು. ಮಗಳು ಓಡಿ ಬಂದು ಕಾಲು ಹಿಡಿದಳು, ಅತ್ತಳು, ಏನೇನೋ ಹೇಳಿದಳು; ತಾಯಿ ಕೈಯೆತ್ತಿ ಅವಳ ತಲೆಯ ಮೇಲಿಟ್ಟು ಏನೇನೋ ಹೇಳಿದಳು; ಕೈ ಜಾರಿತು; ಮಗಳು ಕಿರುಚಿದಳು; ಮೇಣದಬತ್ತಿಯೊಂದು ತಾನಾಗೇ ಆರಿತು. ಮೇಣದಬತ್ತಿಗೆ ಹಿಂದಿನ ಸಾಲಿನ ಹುಡುಗರಿಬ್ಬರು ತಡೆಯಲಾರದೆ ಕಿಸಕ್ಕೆಂದರು. ಅದು ಎಷ್ಟು ಹೊತ್ತು ನಡೆಯಿತೋ. ನನ್ನ ಪಕ್ಕದಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಬುಟ್ಟಿ ಮಗಳ ಸೊಂಟದ ಮೇಲೆ ಬಂತು. ಅಷ್ಟೆಲ್ಲ ಆದ ಮೇಲೆ ಅದು ಬರೀ ಬುಟ್ಟಿಯಾಗಿತ್ತು.

ದೀಪ ಹಾಕಿದಾಗ ಯಾರೂ ಮಾವನನ್ನು ಗೇಲಿ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ, ನಿಜವಾಗಿ ತಿಳಿದುಕೊಳ್ಳಲೆಂದೇ, ನೀವು ಹೇಳಿದ ಆ ಬಾಗಿಲು ಯಾವುದು ಸಾರ್, ನಾನು ತಪ್ಪಿಸಿಕೊಂಡೆನಾ ಎಂದು ಕೇಳಿದಳು. ಮೇಷ್ಟ್ರು ನಡುವೆ ಬಂದು, ಹಳೆಯ ಸಿನಿಮಾಗಳು ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ರೂಪದಲ್ಲಿ ಹೋಗುತ್ತಿದ್ದವು, ಇವರು ಕಂಡದ್ದು ಅಂಥ ಒಂದು ಅಪರೂಪದ ಪ್ರತಿ ಇರಬೇಕು ಎಂದು ಮಾತಿನ ಕೊಡೆ ಹಿಡಿದರು. ಆ ಕೊಡೆಯ ಕೆಳಗೆ ಸುಮ್ಮನೆ ನಿಂತುಕೊಂಡಿದ್ದರೆ ಸಾಕಿತ್ತು.

"ಇಲ್ಲ ಮೇಷ್ಟ್ರೇ," ಎಂದರು ಮಾವ. "ಬಾಗಿಲು ಇದೇ. ನನಗೇ ಏನೋ ಸರಿಯಾಗಿ ಗೊತ್ತಿಲ್ಲ."

ಮೆಟ್ಟಿಲಿಳಿಯುವಾಗ ಅತ್ತೆ ಅವರ ತೋಳು ಹಿಡಿದುಕೊಂಡಿದ್ದರು. ಮೂಗು ಇನ್ನೂ ಕೆಂಪಗಿತ್ತು. "ಎಂಥ ಒಳ್ಳೇ ಸಿನಿಮಾ ರೀ. ಇಷ್ಟು ವರ್ಷ ಮನೇಲಿಟ್ಕೊಂಡು ನಮಗೆ ತೋರಿಸ್ಲೇ ಇಲ್ವಲ್ಲ ನೀವು," ಎಂದರು. ಮದುವೆಯಾದಾಗಿನಿಂದ ಅವರು ಮಾವನ ಸಿನಿಮಾವೊಂದನ್ನು ಹೊಗಳಿದ್ದು ಅದೊಂದೇ ಸಲ. ಮಾವ ಹೂಂ ಎಂದರು.

ಎರಡು ಮೂರು ದಿನ ಬಿಟ್ಟು ಸಂಜೆ ಕ್ಯಾಸೆಟ್ಟಣ್ಣ ಅಕ್ಕನನ್ನು ಮಾತಾಡಿಸಿ ಹೋಗಲು ಬಂದರು. ಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಒಳಗೆ ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಆ ಬುಟ್ಟಿ ಸಿನಿಮಾದಲ್ಲಿ ತಾಯಿ ಸಾಯುವ ಸೀನು ಇತ್ತೇನೋ ಎಂದು ಮಾವ, ನಾಳೆ ನೀರು ಬರುತ್ತಾ ಎಂದು ಕೇಳುವ ಹಾಗೆ ಕೇಳಿದರು.

"ಇಲ್ದೆ ಇರುತ್ತಾ ಭಾವ? ಎಲ್ಲಾದರಲ್ಲೂ ಇತ್ತು. ನಾನೇ ತೆಗೆದಿದ್ದು," ಎಂದರು ಕ್ಯಾಸೆಟ್ಟಣ್ಣ, ಚಹಾ ಊದುತ್ತ. "ಒಂದರ ಬಾಡಿಗೆಗೆ ಎರಡು ಸಿನಿಮಾ ಅಂತ ಬೋರ್ಡ್ ಹಾಕಿದ್ದೆ ಆಗ. ಎರಡನ್ನೂ ಒಂದೇ ಕ್ಯಾಸೆಟ್ಟಲ್ಲಿ ತುರುಕಬೇಕಲ್ಲ. ಎರಡು ಮಿಷಿನ್ ಇಟ್ಟು, ಒಂದರಲ್ಲಿ ಓಡ್ಸೋದು, ಇನ್ನೊಂದರಲ್ಲಿ ಇಳಿಸ್ಕೊಳ್ಳೋದು. ಅಳೋದು, ಮುತ್ತು ಕೊಡೋದು, ಮುದುಕರು ಮಾತಾಡೋದು, ಈ ಮೂರನ್ನ ತೆಗೆದ್ರೆ ಯಾವ ಸಿನಿಮಾ ಆದ್ರೂ ಒಂದೂವರೆ ಗಂಟೆಗೆ ಬಂದು ಬೀಳುತ್ತೆ."

ಒಳಗಿದ್ದ ನನಗೆ ಒಂದು ಕ್ಷಣ ನಗು ಬಂತು. ಆಮೇಲೆ ಮಾವ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡದ್ದು ಕೇಳಿಸಿತು.

"ತೆಗೆದ ಕಡೆ ಪರದೆ ಸ್ವಲ್ಪ ನಡುಗುತ್ತಾ?" ಎಂದರು.

"ಒಂಚೂರು. ಬಟನ್ ಒತ್ತಿ ಬಿಡ್ತೀವಲ್ಲ, ಅದರದ್ದು. ಬೇರೆ ಅಂಗಡಿಯವರದ್ದೆಲ್ಲ ಗಿರಗಿರ ಅಂತಿತ್ತು ಭಾವ. ಕಣ್ಣಿಗೆ ಕಾಣದ ಹಾಗೆ ಒತ್ತೋದು ಈ ಊರಲ್ಲಿ ನನಗೊಬ್ಬನಿಗೇ ಬರ್ತಿದ್ದದ್ದು. ಯಾಕೆ, ಚೆನ್ನಾಗಿ ಬಂದಿರ್ಲಿಲ್ವಾ?"

"ಚೆನ್ನಾಗೇ ಬಂದಿತ್ತು," ಎಂದರು ಮಾವ.

ಆಮೇಲಿನದು ಒಂದು ದಿನದಲ್ಲಿ ಆಗಿದ್ದಲ್ಲ. ಮೇಷ್ಟ್ರು ಪಾಪ ಪೂರ್ತಿ ಸಿನಿಮಾಗಳನ್ನು ಒಂದು ಪೆನ್ ಡ್ರೈವಿಗೆ ತುಂಬಿ ಕಳಿಸಿದ್ದರು. ನಮ್ಮ ಮನೆಯವರು ಅದನ್ನು ದೊಡ್ಡ ಟಿವಿಗೆ ಸಿಕ್ಕಿಸಿಕೊಟ್ಟರು. ಮಾವ ಒಂದೊಂದನ್ನೇ ಹಾಕಿಕೊಂಡು ನೋಡಿದರು. ನಾನೂ ಕೂತೆ. ಎಲ್ಲೆಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವೋ ಅಲ್ಲೆಲ್ಲ ಒಂದು ಅಳು, ಒಂದು ಅಪ್ಪುಗೆ, ಒಂದು ಉದ್ದನೆಯ ಮಾತು ಬಂದು ಕೂತಿತ್ತು. ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿಯೇ ಇದ್ದವು, ಅದನ್ನೂ ಹೇಳಬೇಕು. ಆದರೆ ಮಾವ ಸಿನಿಮಾ ನೋಡುತ್ತಿರಲಿಲ್ಲ. ಕಳ್ಳತನವಾದ ಮನೆಯಲ್ಲಿ ಏನೇನು ಹೋಗಿದೆ ಎಂದು ನೋಡುವವರ ಹಾಗೆ ನೋಡುತ್ತಿದ್ದರು. ಏನೂ ಹೋಗಿರಲಿಲ್ಲ, ಎಲ್ಲ ಹೆಚ್ಚಾಗಿಯೇ ಇತ್ತು. ಅದೇ ತೊಂದರೆ.

ನಾನು ಸುಮ್ಮನಿರಲಾರದೆ ಹೇಳಿದೆ. ಕಿಟಕಿ, ಬೆಳಕು, ಸುಳ್ಳು ಹೇಳುವಾಗ ತಿರುಗುವ ಬೆನ್ನು, ಇವನ್ನೇನು ಕ್ಯಾಸೆಟ್ಟಣ್ಣ ಇಟ್ಟದ್ದಲ್ಲವಲ್ಲ, ಅವು ಇವತ್ತಿಗೂ ಅಲ್ಲೇ ಇವೆಯಲ್ಲ ಎಂದೆ. ಬುಟ್ಟಿ ಸಿನಿಮಾವಂತೂ ನೀವು ನೋಡಿದ್ದೇ ಚೆನ್ನಾಗಿತ್ತು ಮಾವ, ನನಗೆ ಇವತ್ತಿಗೂ ಅದೇ ನಿಜವಾದ ಸಿನಿಮಾ ಎಂದೆ. ಅವರು ನಕ್ಕರು. ಆ ನಗು ನನಗೆ ಬೇಕಿರಲಿಲ್ಲ.

"ಹಾಗಾದ್ರೆ ಲೋಕದಲ್ಲೇ ದೊಡ್ಡ ಡೈರೆಕ್ಟ್ರು ನಮ್ಮ ಭಾವಮೈದುನ," ಎಂದರು.

ಕೆಲವು ದಿನಗಳಾದ ಮೇಲೆ ಮೇಷ್ಟ್ರು ನೋಯುವ ಮಂಡಿಯಲ್ಲೇ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ನಾನು ಅವರಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿ ಕೂರಿಸಿದೆ. ಮಾವ ಎಲ್ಲವನ್ನೂ ಹೇಳಿಬಿಟ್ಟರು. ಅಳು, ಮುತ್ತು, ಮುದುಕರು. ಮೇಷ್ಟ್ರು ನಗಲಿಲ್ಲ. ಹಾಗಿದ್ದರೆ ಇದನ್ನೇ ತರಗತಿಯ ಮೊದಲ ಪಾಠ ಮಾಡಿ, ಒಂದು ತುಣುಕು ತೆಗೆದರೆ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಕೊಡಬಲ್ಲರು ಎಂದರು. ಸಂಘದವರನ್ನು ತಾನು ಒಪ್ಪಿಸುತ್ತೇನೆ ಎಂದೂ ಹೇಳಿದರು. ಹೂಂ ಅನ್ನಿ ಮಾವ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮಾವ ಅಂಗೈಯನ್ನು ಮಂಡಿಯ ಮೇಲೆ ಉಜ್ಜುತ್ತಿದ್ದರು, ವಾಲ್ವು ತಿರುಗಿಸಿ ಬಂದವರು ಉಜ್ಜುವ ಹಾಗೆ.

"ಪಾಠದ ಮಾತಲ್ಲ ಮೇಷ್ಟ್ರೇ. ನಮ್ಮಮ್ಮ ಹೋದ ದಿನ ನನಗೆ ಹೇಗಾಯ್ತು ಅನ್ನೋದು ಲೋಕದಲ್ಲಿ ಇನ್ನೊಬ್ಬನಿಗೆ ಗೊತ್ತಿತ್ತು ಅಂದ್ಕೊಂಡಿದ್ದೆ. ಆ ಧೈರ್ಯದ ಮೇಲೆ ಇದ್ದೆ," ಎಂದರು. "ಅಲ್ಲಿ ಯಾರೂ ಇರಲಿಲ್ಲ. ಕ್ಯಾಸೆಟ್ಟಲ್ಲಿ ಜಾಗ ಸಾಲ್ದೆ ಹೋಗಿತ್ತು, ಅಷ್ಟೇ."

ಮೇಷ್ಟ್ರು ಬೆನ್ನ ಹಿಂದಿನ ದಿಂಬನ್ನು ಪಕ್ಕಕ್ಕೆ ಸರಿಸಿದರು. ಆ ಹೊತ್ತಿಗೆ ಮಗು ಎದ್ದು ಅತ್ತಿತು, ನಾನು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಮೇಷ್ಟ್ರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ತರಗತಿಯನ್ನು ಈಗ ಕಾಲೇಜಿನ ಒಬ್ಬ ಉಪನ್ಯಾಸಕರು ನಡೆಸುತ್ತಾರಂತೆ. ಚೆನ್ನಾಗಿಯೇ ನಡೆಸುತ್ತಾರಂತೆ.

ಹಿಂದಿನ ಕೋಣೆಯ ಕಪಾಟಿನಿಂದ ಕ್ಯಾಸೆಟ್ಟುಗಳನ್ನು ಮಾವ ತಾವೇ ಇಳಿಸಿ, ಕೂಸಿನ ಬಟ್ಟೆ ಇಟ್ಟುಕೊಳ್ಳಮ್ಮ, ನೀನು ಎಷ್ಟು ದಿನ ಹಗ್ಗದ ಮೇಲೇ ಹಾಕ್ತೀಯ ಎಂದರು. ಬೇಡ ಎನ್ನಬೇಕೆಂದುಕೊಂಡೆ. ಆದರೆ ಜಾಗ ನಿಜವಾಗಿಯೂ ಬೇಕಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಗದ ಹಾಸಿ, ಅವಳ ಅಂಗಿಗಳನ್ನು ಜೋಡಿಸಿದೆ.

ಈಗ ಸಂಜೆಯ ಹೊತ್ತು ಎಲ್ಲರೂ ಒಟ್ಟಿಗೆ ದೊಡ್ಡ ಟಿವಿಯ ಮುಂದೆ ಕೂರುತ್ತೇವೆ. ಮಾವ ಏನೂ ಕೇಳುವುದಿಲ್ಲ; ಕಾರು ಎಡದಿಂದ ಬಂದರೂ ಸರಿ, ಆಕಾಶದಿಂದ ಬಂದರೂ ಸರಿ. ಅತ್ತೆಗೆ ಸಮಾಧಾನ. "ಈಗ ನೋಡು, ಮನುಷ್ಯರ ಥರ ಆಗಿದ್ದಾರೆ," ಎಂದು ನನ್ನ ಹತ್ತಿರ ಹೇಳಿದರು. ನಮ್ಮ ಮನೆಯವರೂ ಅಪ್ಪ ಸರಿಯಾದರು ಎನ್ನುತ್ತಾರೆ. ಊಟ ಮಾಡುತ್ತಾರೆ, ಮಗುವನ್ನು ಆಡಿಸುತ್ತಾರೆ, ಬೇಗ ಮಲಗುತ್ತಾರೆ. ದೂರಲು ಏನೂ ಇಲ್ಲ.

ನಿನ್ನೆ ಯಾವುದೋ ಹಳೆಯ ಸಿನಿಮಾ ಬರುತ್ತಿತ್ತು. ಗಂಡಸೊಬ್ಬ ಒಬ್ಬನೇ ಕೂತು ಟವಲು ಮಡಿಸುತ್ತಿದ್ದ. ಅವನು ಅಲುಗಲಿಲ್ಲ, ಆದರೆ ಅವನ ಹಿಂದಿನ ಗೋಡೆಯ ಮೇಲೆ ಒಂದು ಬೆಳಕು ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಸರಿದು ಹೋಯಿತು. ಹೊರಗೆ ಗಾಡಿ ಹೊರಟಿತು, ಅದರಲ್ಲಿ ಅವನ ಹೆಂಡತಿ ಹೋದಳು, ಯಾರೂ ಹೇಳಲಿಲ್ಲ. ನನ್ನ ಮೈ ಜುಮ್ಮೆಂದಿತು. ಅತ್ತೆ ಆಕಳಿಸುತ್ತಿದ್ದರು, ಇವರು ಫೋನಿನಲ್ಲಿದ್ದರು. ನಾನು ಮಾವನ ಕಡೆ ತಿರುಗಿದೆ.

"ಮಾವ, ಗೋಡೆ ನೋಡಿದ್ರಾ?"

"ನಾನು ಕೂಸಿನ ಕಡೆ ನೋಡ್ತಿದ್ದೆ ಕಣಮ್ಮ," ಎಂದರು.

ಕೂಸು ಅವರ ಬೆನ್ನ ಹಿಂದೆ ಆಡುತ್ತಿತ್ತು. ಅವರ ಕಣ್ಣು ಪರದೆಯ ಮೇಲೇ ಇತ್ತು.